ಚಪ್ಪಲಿ ಬಿಟ್ಟು ನಡೆಯುವ ಜಾಗ

ಇವತ್ತು ಬೆಳಿಗ್ಗೆ ಹೊಸಪೇಟೆಯ ನಮ್ಮ ಏರಿಯಾದ ಪಾರ್ಕಿನಲ್ಲಿ, ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಕಂಡರು. ಗಂಡನಿಗೆ ತೋರಣಗಲ್ಲಿನಲ್ಲಿ ಕೆಲಸ. ಕಲ್ಲುಬೆಂಚು ದಾಟಿದ್ದೇ ತಡ, ಇಬ್ಬರೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಇಪ್ಪತ್ತು ಹೆಜ್ಜೆ ಬರಿಗಾಲಲ್ಲಿ ನಡೆದು, ಮತ್ತೆ ಹಾಕಿಕೊಂಡರು. ಯಾಕೆಂದು ಕೇಳಿದೆ. "ಎಲ್ರೂ ಬಿಡ್ತಾರಲ್ಲ ಸರ್, ಬಿಪಿಗೆ ಒಳ್ಳೇದಂತೆ" ಎಂದರು. ಆ ಬಿಪಿಯ ಕಥೆ ಹಬ್ಬಿಸಿದ ಮಹಾನುಭಾವ ಬೇರೆ ಯಾರೂ ಅಲ್ಲ, ನಾನೇ!

ಮೊದಲು ಅಲ್ಲಿ ಚಪ್ಪಲಿ ಬಿಡುತ್ತಿದ್ದವಳು ನನ್ನ ದೊಡ್ಡವ್ವ. ಅವಳ ವಯಸ್ಸಿನ ಇನ್ನೂ ನಾಲ್ಕಾರು ಹೆಂಗಸರೂ ಬಿಡುತ್ತಿದ್ದರು. ಸೊಸೆಯಂದಿರನ್ನು ಬೈಯುತ್ತ ಬರುತ್ತಿದ್ದವರು ಅಲ್ಲಿಗೆ ಬಂದೊಡನೆ ಗಪ್‌ಚಿಪ್. ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ನಾನು ಓದಿದವನಲ್ಲವೇ? ವೈಜ್ಞಾನಿಕ ಕಾರಣವೊಂದನ್ನು ಕಟ್ಟಿ ವಾಕಿಂಗಿನವರಿಗೆಲ್ಲ ಹಂಚಿದೆ. ದೊಡ್ಡವ್ವ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ತನ್ನ ಪಾಡಿಗೆ ಮುಂದೆ ನಡೆದಳು.

ಪಾರ್ಕಿಗಿಂತ ಮೊದಲು ಅದು ಮೈನ್ಸ್ ಲಾರಿಗಳು ನಿಲ್ಲುವ ಬಯಲು. ಯಶವಂತನಗರದ ಕಡೆಯಿಂದ ಅದಿರು ಹೊತ್ತು ಬಂದವು ನಮ್ಮ ಒಗೆದ ಬಟ್ಟೆಗಳನ್ನೆಲ್ಲ ಕೆಂಪು ಮಾಡುತ್ತಿದ್ದವು. ಹುಲ್ಲಿಗೆ ನೀರು ಬಿಟ್ಟರೆ ಈಗಲೂ ಕೆಂಪಾಗಿಯೇ ಹರಿಯುತ್ತದೆ. ಅದಕ್ಕೂ ಮೊದಲು ಅಲ್ಲೇನಿತ್ತೆಂದು ನಾನು ಯಾರನ್ನೂ ಕೇಳಿರಲಿಲ್ಲ. ಹಂಪಿಯ ಮಗ್ಗುಲಲ್ಲಿ ಹುಟ್ಟಿದವರ ರೋಗ ಇದು: ಹಳೆಯದೆಂದರೆ ನಮಗೆ ಅರಸರ ಕಾಲ ಮಾತ್ರ.

ಎರಡು ವರ್ಷದ ಹಿಂದೆ ವ್ಯಾಯಾಮದ ಸಲಕರಣೆ ನಿಲ್ಲಿಸಲು ಚಪ್ಪಲಿ ಬಿಡುವ ಆ ಜಾಗದಲ್ಲೇ ಗುಂಡಿ ತೋಡಿದರು. ಜಾಗ ತೋರಿಸಿದವನೂ ನಾನೇ. ಬಂಡ್ರಿಯಿಂದ ಬಂದ ಕೆಲಸದವನೊಬ್ಬ ಸಲಿಕೆ ನಿಲ್ಲಿಸಿ, ನೆಲ್ಲಿಕಾಯಿಯಷ್ಟಿದ್ದ ಕರಿಯ ಗುಂಡೊಂದನ್ನು ನನ್ನ ಕೈಗಿಟ್ಟ. ಅದಕ್ಕೆ ಬೆಳ್ಳನೆಯ ಮಣ್ಣು ಮೆತ್ತಿತ್ತು.

"ಬರ್ರಿ, ಎಲ್ಲಾರೂ ಬರ್ರಿ! ಅರಸರ ಕಾಲದ ತೂಕದ ಗುಂಡು ಸಿಕ್ಕೈತಿ!" ಎಂದು ಇಡೀ ಪಾರ್ಕನ್ನೇ ಕರೆದೆ. ಹಲ್ಲು ಕಿಸಿದು ಫೋಟೋ ಬೇರೆ ಹೊಡೆಸಿಕೊಂಡೆ.

ದೊಡ್ಡವ್ವ ಬರಿಗಾಲಲ್ಲಿ ಬಂದಳು. ಆ ಬಿಳಿ ಮಣ್ಣನ್ನು ಮೂಸಿದಳು.

"ಇದು ಇಬೂತಿ. ಅರಸರದಲ್ಲಲೇ ತಮ್ಮಾ, ಲಿಂಗ ಐತಿ ಅದು. ಕೂಸಿಂದು."

ನಮ್ಮಲ್ಲಿ ಕೂಸು ಹುಟ್ಟಿದೊಡನೆ ಲಿಂಗ ಕಟ್ಟುತ್ತಾರೆ. ಸತ್ತರೆ ಆ ಲಿಂಗವನ್ನು ಅದರ ಅಂಗೈಯಲ್ಲೇ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡುತ್ತಾರೆ. ನನ್ನ ಕೊರಳಲ್ಲೂ ಲಿಂಗವಿದೆ. ಆದರೂ ಗುರುತು ಹಿಡಿಯಲಿಲ್ಲವಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ.

"ಈ ಮೂಲಿ ಪೂರಾ ಕೂಸುಗಳನ್ನ ಇಡೋ ಜಾಗ" ಎಂದಳು ದೊಡ್ಡವ್ವ. "ನಂದೂ ಒಂದು ಐತಿ, ಹನ್ನೊಂದು ದಿನದ್ದು. ಗಂಡಸ್ರು ಒಯ್ದು ಇಟ್ಟು ಬಂದ್ರು. ನಮ್ಮನ್ನ ಕರ್ಕೊಂಡು ಹೋಗ್ಲಿಲ್ಲ. ಒಯ್ದೋರು ಯಾರೂ ಈಗಿಲ್ಲ. ಎಲ್ಲಿ ಅಂತ ಗೊತ್ತಿದ್ರ ಅಲ್ಲಷ್ಟ ಚಪ್ಪಲ್ ಬಿಡ್ತಿದ್ದೆ."

ಕೈ ಚಾಚಿದಳು.

"ನಂದ ಐತಿ ಅನ್ನು. ಒಂದ್ಸಲ ಅನ್ನಲೇ."

"ನಿಂದ ಐತಿ, ದೊಡ್ಡವ್ವ" ಎಂದು ಅವಳ ಅಂಗೈಗಿಟ್ಟೆ. ಲಿಂಗವನ್ನು ಎದೆಗೆ ಒತ್ತಿಕೊಂಡು ಭಾಳ ಹೊತ್ತು ನಿಂತಳು. ಆಮೇಲೆ ತಾನೇ ಗುಂಡಿಯಲ್ಲಿಟ್ಟು ಕೈಯಿಂದ ಮಣ್ಣೆಳೆದಳು. ಜಿಮ್ಮನ್ನು ಗೇಟಿನ ಹತ್ತಿರ ಹಾಕಿದರು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಆದರೆ ಕೂಸುಗಳ ಜಾಗದ ಸುದ್ದಿ ಹೇಗೋ ಊರೂರಿಗೆ ಮುಟ್ಟಿದೆ. ಹೆರಿಗೆಗೆಂದು ಇಲ್ಲಿಯ ತವರಿಗೆ ಬಂದು, ಬರಿಗೈಲಿ ಸಂಡೂರಿಗೋ ಕಂಪ್ಲಿಗೋ ಮರಳಿದವರು, ಈಗ ಮುದುಕಿಯರಾಗಿ, ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ನಂದೂ ಐತೇನ್ರಿ ಅಲ್ಲಿ?" ಎಂದು ಕೇಳುತ್ತಾರೆ. ನನಗೇನು ಗೊತ್ತು? "ಐತ್ರಿ" ಎನ್ನುತ್ತೇನೆ. ಅಷ್ಟು ಸಾಕು ಅವರಿಗೆ, ಕಣ್ಣೊರೆಸಿಕೊಂಡು ಬಸ್ ಹತ್ತುತ್ತಾರೆ.

ಇವತ್ತು ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದ ಅಜ್ಜಿಯೊಬ್ಬಳು ಕೇಳಿದಳು. ಎಂದಿನಂತೆ "ಐತ್ರಿ ಅಜ್ಜಿ" ಎಂದೆ. ಅವಳು ಕದಲಲಿಲ್ಲ.

"ಹೆಣ್ಣಿತ್ತೇನ್ರಿ, ಗಂಡಿತ್ತೇನ್ರಿ? ನನಗ ಕೂಸಿನ ಮಕಾನೇ ತೋರಿಸಲಿಲ್ಲ."

"ಹೆಣ್ಣು" ಎಂದೆ.

ಯೋಚಿಸಿ ಹೇಳಿದ್ದಲ್ಲ, ಯಾರೋ ಹೇಳಿಸಿದಂತೆ ಬಾಯಿಂದ ಬಂದುಬಿಟ್ಟಿತು. ನನಗೇ ಭಯವಾಯಿತು. ಅಜ್ಜಿ ನಿಧಾನವಾಗಿ ಕುಂತು, ಹೆಸರಿಡುವಾಗ ಕೂಸಿನ ಕಿವಿಯಲ್ಲಿ ಕರೆಯುವ ಹಾಗೆ ನೆಲಕ್ಕೆ ಬಾಗಿ, ಒಂದು ಹೆಸರನ್ನು ಮೂರು ಸಲ ಕರೆದಳು.