ಎಡಗೈಗೆ ಒಪ್ಪಿದ ಲ್ಯಾಪ್‌ಟಾಪ್

ನೀಲಮ್ಮ ಟೀಚರ್ ನಮ್ಮ ಅಂಗಡಿಗೆ ಬಂದವರೇ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ, ನಿದ್ದೆ ಹತ್ತಿದ ಕೂಸನ್ನು ಮಲಗಿಸುವ ಹಾಗೆ, ಕೌಂಟರಿನ ಗಾಜಿನ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ನನ್ನ ಮುಖ ನೋಡಿ, "ತಮ್ಮಾ, ಗೇಮ್ ಆಡೂ ಲ್ಯಾಪ್‌ಟಾಪ್ ತೋರ್ಸು" ಅಂದರು.

ರಾಯಚೂರಿನ ಆ ಕಂಪ್ಯೂಟರ್ ಅಂಗಡಿಯಲ್ಲಿ ಮಾರಾಟಕ್ಕೆ ನಿಂತು ಆಗ ನನಗೆ ಆರು ವರ್ಷವಾಗಿತ್ತು. ಅರವತ್ತು ದಾಟಿದ, ಇಳಕಲ್ ಸೀರೆ ಉಟ್ಟ, ಹಣೆಗೆ ವಿಭೂತಿ ಹಚ್ಚಿದ ಹೆಂಗಸೊಬ್ಬರು ಗೇಮಿಂಗ್ ಲ್ಯಾಪ್‌ಟಾಪ್ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಮೊಮ್ಮಗಗೇನ್ರೀ ಅವ್ವಾರ?" ಎಂದೆ.

"ಮೊಮ್ಮಗ ಎಲ್ಲಿಂದ ತರ್ಲಿ, ಮದುವಿನೇ ಆಗಿಲ್ಲ. ನನಗ ಬೇಕು. ಗ್ರಾಫಿಕ್ಸ್ ಕಾರ್ಡ್ ಬ್ಯಾರೆ ಇರಬೇಕು, ಪ್ರೊಸೆಸರ್‌ನ್ಯಾಗ ಕೂಡಿದ್ದು ನಡಿಯಂಗಿಲ್ಲ."

ಅವರು ಮಾನ್ವಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರೆಂದು, ತಂಗಿಯ ಮಗಳು ರೇಣುಕಾಳ ಜೊತೆ ಇದ್ದಾರೆಂದು ಮಾತಿನ ನಡುವೆ ಗೊತ್ತಾಯಿತು. ನಿವೃತ್ತರಾದರೂ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳುತ್ತಿದ್ದರು. ಪ್ರಶ್ನೆಪತ್ರಿಕೆ ತಯಾರಿಸಲು, ಊರವರ ಅರ್ಜಿ ಬರೆದುಕೊಡಲು, ಸಂಜೆ ಕಾರ್ ರೇಸ್ ಆಡಲು, ಎಲ್ಲಕ್ಕೂ ಒಂದೇ ಯಂತ್ರ ಬೇಕಾಗಿತ್ತು.

"ಮದುವಿಗೆ ಉಡೂ ಸೀರಿ ಬ್ಯಾರೆ, ದಿನಾ ಉಡೂ ಸೀರಿ ಬ್ಯಾರೆ ಅಂತಾರ. ನನಗ ಎರಡಕ್ಕೂ ಒಂದೇ ಸೀರಿ ಕೊಡು" ಅಂದರು.

ಆಗ ನಮ್ಮಲ್ಲಿ ಒಂದು ಕಪ್ಪು ಲ್ಯಾಪ್‌ಟಾಪ್ ಬಹಳ ದಿನಗಳಿಂದ ಖರ್ಚಾಗದೆ ಕೂತಿತ್ತು. ಕೀಬೋರ್ಡಿಗೆಲ್ಲ ಕೆಂಪು ದೀಪ, ಓಟ ಜೋರು. ಅದನ್ನು ಹೇಗಾದರೂ ಸಾಗಿಸಬೇಕೆಂದು ಮಾಲೀಕರು ಹೇಳಿದ್ದರು. ನಾನು ಅದನ್ನೇ ತೆಗೆದು, ಹಾಡಿ ಹೊಗಳಿದೆ. ಟೀಚರ್ ಬಲಗೈಯಲ್ಲಿ ಎತ್ತಿ ನೋಡಿದರು. ಚಾರ್ಜರನ್ನೂ ಎತ್ತಿದರು.

"ಇದೇನು ಚಾರ್ಜರೋ ಇಟ್ಟಂಗಿಯೋ? ಇರ್ಲಿ. ಒಂದು ತಾಸು ಆಡಿ ನೋಡ್ತೀನಿ."

"ಐದು ನಿಮಿಷ ಸಾಕಾಗ್ತದ್ರೀ ಟೀಚರ್."

"ಹುಡುಗೀನ ನೋಡಾಕ ಬಂದೋರಂಗ ಚಾ ಕುಡುದು ಎದ್ದು ಹೋಗೂದಲ್ಲ ಇದು. ಇದರ ಕೂಡ ಬಾಳೇ ಮಾಡಬೇಕು."

ರೇಸ್ ಹಾಕಿಕೊಟ್ಟೆ. ಎಡಗೈಯ ಮೂರು ಬೆರಳನ್ನು ಒಂದೊಂದಾಗಿ ಕೀಗಳ ಮೇಲೆ ಕೂರಿಸಿಕೊಂಡು ಆಡತೊಡಗಿದರು. ಮುಂದೆ ಓಡಿಸುವ ಡಬ್ಲ್ಯೂ ಕೀ ಒತ್ತುವ ಬೆರಳು ಒಮ್ಮೊಮ್ಮೆ ತಡವಾಗುತ್ತಿತ್ತು. ಕಾರು ಗೋಡೆಗೆ ಬಡಿಯುತ್ತಿತ್ತು. ಅವರು ಬೇಜಾರಿಲ್ಲದೆ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ನನಗೆ ಒಳಗೊಳಗೇ ನಗು. ಬೇರೆ ಗಿರಾಕಿಗಳನ್ನು ನೋಡಿಕೊಳ್ಳಲು ಹೋದೆ.

ತಾಸಿನ ಮೇಲೆ ಬಂದು ನೋಡಿದರೆ ಅವರು ಇನ್ನೂ ಆಡುತ್ತಿದ್ದರು. ಕೀಬೋರ್ಡಿನ ಅಂಚಿಗೆ ಒತ್ತಿಕೊಂಡಿದ್ದ ಅವರ ಎಡ ಅಂಗೈಯ ಬದಿ ಕಡು ಕೆಂಪಾಗಿತ್ತು. ನಾನು ಕೀಬೋರ್ಡಿನ ಆ ಅಂಚು ಮುಟ್ಟಿದೆ. ಕಾಯಿಸಿದ ತವಾ ಮುಟ್ಟಿದಂತಾಗಿ ಕೈ ಹಿಂದೆಗೆದೆ.

"ಟೀಚರ್, ಕೈ ತೆಗೀರಿ. ಸುಡಾಕತ್ತದ."

ಅವರು ಕೈಯನ್ನು ಎತ್ತಿ, ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಬಲಗೈಯಿಂದ ಸವರಿದರು. "ನನಗ ತಿಳಿಯಂಗಿಲ್ಲ ತಮ್ಮಾ" ಅಂದರು. "ಎರಡು ವರ್ಷದ ಹಿಂದ ಲಕ್ವಾ ಹೊಡೀತು. ಈ ಕೈ ಅಳ್ಳಾಡತದ, ಆದರ ಬಿಸಿ ತಣ್ಣಗ ಗೊತ್ತಾಗಂಗಿಲ್ಲ. ಡಾಕ್ಟರು ರಬ್ಬರ್ ಚೆಂಡು ಹಿಚಕು ಅಂದ್ರು. ಹಿಚಕಿ ಹಿಚಕಿ ಬ್ಯಾಸರಾತು. ರೇಣುಕಾ ತನ್ನ ಆಫೀಸಿನ ಲ್ಯಾಪ್‌ಟಾಪಿನ್ಯಾಗ ಒಂದು ಗೇಮ್ ಹಾಕಿ ಕೊಟ್ಲು. ಬೆರಳು ಎದ್ದು ಕೂತ್ವು. ಅದಕ್ಕ ಈ ಆಟ."

ಖರ್ಚಾಗದ ಸರಕನ್ನು ಬಣ್ಣದ ಮಾತಿನಿಂದ ನಾನು ಅವರಿಗೆ ಕಟ್ಟಿ ಕಳಿಸುವವನಿದ್ದೆ. ಅದನ್ನು ಒಯ್ದಿದ್ದರೆ ಮನೆಯಲ್ಲಿ ದಿನವೂ ಆ ಕೈ ಸುಡುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಬರ್ನಾಲ್ ತರಲು ಓಡಿದೆ. ಹಚ್ಚುತ್ತ, ಇದು ಹಳೇ ಸ್ಟಾಕು, ಅದಕ್ಕೇ ಹೊಗಳಿದೆ ಎಂದು ಹೇಳಿಬಿಟ್ಟೆ.

"ಗೊತ್ತದ. ಡಬ್ಬಿ ಮ್ಯಾಲ ಧೂಳ ಇತ್ತಲ್ಲ" ಅಂದರು ಟೀಚರ್. "ಈಗ ಖರೇ ಹೇಳು. ನಿನ್ನ ಅವ್ವಗ ಆದರ ಯಾವ್ದು ಕೊಡ್ತಿದ್ದಿ?"

ಆ ದಿನ ಉಳಿದ ಹೊತ್ತೆಲ್ಲ ಅದಕ್ಕೇ ಹೋಯಿತು. ಬಿಸಿಗಾಳಿ ಹಿಂದಿನಿಂದ ಹೋಗುವಂಥದ್ದು ಬೇಕು, ಕೈ ಊರುವ ಜಾಗ ತಣ್ಣಗಿರಬೇಕು. ಗ್ರಾಫಿಕ್ಸ್ ಕಾರ್ಡ್ ಮಧ್ಯಮ ತರದ್ದಾದರೆ ಸಾಕು, ಅವರ ರೇಸಿಗೆ ಅಷ್ಟು ಧಾರಾಳ. ಕೀ ಒತ್ತಿದರೆ ಒಳಗೆ ಇಳಿದದ್ದು ಬೆರಳಿಗೆ ತಿಳಿಯಬೇಕು. ಪರದೆ ಕನ್ನಡಿಯಂತೆ ಹೊಳೆಯಬಾರದು, ಹಗಲಲ್ಲಿ ಅರ್ಜಿ ಬರೆಯಬೇಕಲ್ಲ. ಐದು ಲ್ಯಾಪ್‌ಟಾಪ್ ಒಟ್ಟಿಗೇ ಚಾಲೂ ಮಾಡಿ, ಒಂದೊಂದರ ಮೇಲೂ ನನ್ನ ಅಂಗೈ ಊರಿ ಕೂತೆ. ಕೊನೆಗೆ ಬೂದು ಬಣ್ಣದ ಒಂದನ್ನು ಇಬ್ಬರೂ ಒಪ್ಪಿದೆವು. ನೋಡಲು ಸಪ್ಪೆ. "ಮುಖ ಸಪ್ಪಗದ, ಗುಣ ಚಲೋ ಅದ" ಎಂದು ಟೀಚರ್ ಅದನ್ನು ಎದೆಗವಚಿಕೊಂಡು ಮಾನ್ವಿ ಬಸ್ಸು ಹತ್ತಿದರು.

ಏಳೆಂಟು ತಿಂಗಳಿಗೆ ಫ್ಯಾನಿನ ಧೂಳು ತೆಗೆಯಲು ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತರು.

"ಜಡಿ ನೋಡು ತಮ್ಮಾ. ಹೆಂಗದ?"

ಸೊಟ್ಟಗಿತ್ತು, ನಡುವೆ ಒಂದೆಡೆ ಸಡಿಲವಾಗಿತ್ತು.

"ಮೂರು ವರ್ಷ ಆತು, ರೇಣುಕಾನೇ ಹಾಕತಿದ್ಲು. ಇವತ್ತು ನಾನೇ ಹಾಕ್ಕೊಂಡೀನಿ. ಜಡಿಗೆ ಎರಡು ಕೈ ಬೇಕು, ನೆಪ್ಪಿಟ್ಕೋ."

ಒಳಗಿನಿಂದ ರೇಣುಕಾ, "ಮುಂಜಾನಿಂದ ಓಣಿ ತುಂಬ ಬೆನ್ನು ತೋರಿಸ್ಕೋತ ಅಡ್ಡಾಡ್ಯಾಳ್ರೀ ದೊಡ್ಡವ್ವ" ಅಂದಳು.

ಆಮೇಲೆ ರೇಣುಕಾಳಿಗೆ ದೇವದುರ್ಗಕ್ಕೆ ವರ್ಗವಾಗಿ ಇಬ್ಬರೂ ಅಲ್ಲಿಗೆ ಹೋದರು. ಒಂದು ದಿನ ಅವಳ ಫೋನ್ ಬಂತು. "ಡಬ್ಲ್ಯೂ ಕೀ ಹೋಗ್ಯಾದ್ರೀ. ಜಲ್ದಿ ಬರ್ರಿ, ಮಾತು ನಿಂತದ" ಎಂದಳು. ಮಾತು ನಿಂತಿದೆ ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಹೊಸ ಕೀಬೋರ್ಡ್ ಹಿಡಿದು ಮರುದಿನ ಹೋದೆ.

ಟೀಚರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆ ಜಾರಿತ್ತು. ಈ ಸಲ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಎರಡನೇ ಸಲ ಲಕ್ವಾ ಹೊಡೆದು ಬಲಭಾಗವನ್ನೂ ಮಾತನ್ನೂ ಒಯ್ದಿತ್ತು. ಅಷ್ಟು ಮಾತಾಡುತ್ತಿದ್ದವರ ಬಾಯಿಂದ ಗಾಳಿಯಷ್ಟೇ ಬರುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

ಅವರು ಎಡಗೈಯಿಂದ ಲ್ಯಾಪ್‌ಟಾಪ್ ಎಳೆದುಕೊಂಡು ಟೈಪ್ ಮಾಡಿ ನನ್ನತ್ತ ತಿರುಗಿಸಿದರು. ಗೇಮಿನಲ್ಲಿ ಮುಂದೆ ಓಡಿಸುವ ಡಬ್ಲ್ಯೂ ಕೀಯೇ ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯುವಾಗ ಡಕಾರ. ಆಡಿ ಆಡಿ ಅದು ಸವೆದು ಹೋಗಿತ್ತು. ಅದಿಲ್ಲದೆ ಬರೆದಿದ್ದರು: "ಗಾಬರಿ ಆಗಬ್ಯಾದ ತಮ್ಮಾ. ಕುಂದ್ರು."

ಆ "ಆಗಬ್ಯಾದ" ಓದಿದಾಗ ನನ್ನ ಕಣ್ಣು ತುಂಬಿ ಬಂತು. ತೊಡೆಯ ಮೇಲೆ ಯಂತ್ರವಿಟ್ಟುಕೊಂಡು ಸ್ಕ್ರೂ ತೆಗೆಯಬೇಕೆಂದರೆ ಏನೂ ಕಾಣದು. ಟೀಚರ್ ಅದನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡು ಬರೆದರು.

"ಅಳೂದಿದ್ರ ಹೊರಗ ಹೋಗಿ ಅತ್ತು ಬಾ. ಕೀ ತೊಯ್ತಾವು."

ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು ಕೂತೆ. ಹಳೆಯ ಕೀಬೋರ್ಡ್ ಕಳಚಿ ಹೊಸದನ್ನು ಕೂರಿಸಲು ಒಂದೂವರೆ ತಾಸು ಹಿಡಿಯಿತು. ಅಷ್ಟೂ ಹೊತ್ತು ಆ ಮನೆಯಲ್ಲಿ ಅವರ ಮಾತಿರಲಿಲ್ಲ. ರೇಣುಕಾ ಚಹಾ ತಂದಿಟ್ಟು, "ದವಾಖಾನಿಯಾಗ ಎಚ್ಚರಾದ ಮ್ಯಾಲ ಮೊದಲು ಎಡಗೈ ಅಳ್ಳಾಡ್ಸಿ ನೋಡಿ ನಕ್ಕಳ್ರೀ" ಎಂದು ಮೆಲ್ಲಗೆ ಹೇಳಿದಳು. ಜೋಡಿಸಿ ಮುಗಿಸಿ ಮುಂದಿಟ್ಟಾಗ ಟೀಚರ್ ಡಕಾರವನ್ನು ಒಂದು ಸಾಲು ತುಂಬ ಒತ್ತಿದರು. ಆಮೇಲೆ ಬರೆದರು: "ಈ ಎಡಗೈ ದಡ್ಡ ಇತ್ತು, ಕಲಿಸಿದೆ. ಈಗ ಬಲಗೈಗೆ ಇದೇ ಮಾಸ್ತರ."

ಮೂರು ವಾರಕ್ಕೇ ಅವರು ಹೋಗಿಬಿಡುತ್ತಾರೆಂದು ನನಗೆ ಆ ದಿನ ಹೊಳೆಯಲಿಲ್ಲ. ರೇಣುಕಾ ಫೋನಿನಲ್ಲಿ ಸುದ್ದಿ ಹೇಳಿದಾಗ ಗಿರಾಕಿಯನ್ನು ಅಲ್ಲೇ ಬಿಟ್ಟು ಅಂಗಡಿಯಿಂದ ಹೊರಗೆ ಬಂದೆ. ಮುಂದಿನ ತಿಂಗಳು ಬಂದು ಬಲಗೈಗೆ ದೊಡ್ಡ ಮೌಸ್ ಹಾಕಿಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೆ.

ಆ ಮಾತು ಕೊಟ್ಟಾಗ ಸಂಜೆಯಾಗಿತ್ತು. ಏಳಲು ಮನಸ್ಸಿಲ್ಲದೆ ಸುಮ್ಮನೆ ಚೀಲದ ಜಿಪ್ಪು ಎಳೆಯುತ್ತ ಕೂತಿದ್ದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ರಾಯಚೂರ ಬಸ್ ತಪ್ಪತದ. ನಡಿ" ಎಂದು ಬರೆದು ತೋರಿಸಿದರು. ನಾನು ಎದ್ದು ನಮಸ್ಕಾರ ಮಾಡಿ ತಲೆ ಎತ್ತುವಷ್ಟರಲ್ಲಿ ಅವರ ಕಣ್ಣು ಪರದೆಗೆ ತಿರುಗಿತ್ತು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ಒಳಗೆ ಕಾರು ಚಾಲೂ ಆದ ಸದ್ದು ಕೇಳಿಸಿತು.