ವರ್ಲೀನಕ್ಕನ ಐದು ಗುಂಡು

ನಮ್ಮ ದೊಡ್ಡಮ್ಮನ ಮಗಳು ವರ್ಲೀನಕ್ಕ ಬಾಲ್ಟಿಮೋರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಕಳೆದ ಚಳಿಗಾಲದಲ್ಲಿ ಕಳ್ಳರು ಅವಳ ಹಿಂಬಾಗಿಲು ಮುರಿದು, ಅವಳು ಮಹಡಿಯಲ್ಲಿ ಮಲಗಿದ್ದಾಗಲೇ ಟಿವಿ ಹೊತ್ತೊಯ್ದರು. ಎರಡು ದಿನಕ್ಕೆಂದು ನನ್ನ ಮನೆಗೆ ಬಂದವಳು ನಾಲ್ಕು ತಿಂಗಳಾದರೂ ಸೋಫಾ ಬಿಡಲಿಲ್ಲ. ಪಿಸ್ತೂಲೊಂದಿದ್ದರೆ ಮಾತ್ರ ತನ್ನ ಮನೆಯಲ್ಲಿ ನಿದ್ದೆ ಬರುವುದಂತೆ. ಅವಳ ಗೊರಕೆಯಿಂದ ನನ್ನ ನಿದ್ದೆ ಹಾಳಾದದ್ದನ್ನು ಕೇಳುವವರು ಯಾರು?

ಪಿಸ್ತೂಲಿಗೆ ಪರವಾನಗಿ ಬೇಕು, ಪರವಾನಗಿಗೆ ತರಬೇತಿ ಬೇಕು, ತರಬೇತಿಗೆ ಅವಳ ಹತ್ತಿರ ದುಡ್ಡಿಲ್ಲ. ಅಷ್ಟರಲ್ಲಿ ನಮ್ಮ ಚರ್ಚಿನವರು ಕಡಿಮೆ ಸಂಪಾದನೆಯವರಿಗೆ ಪುಕ್ಕಟೆ ತರಬೇತಿ ಏರ್ಪಡಿಸಿದರು. ನಾನೇ ಓಡಿಹೋಗಿ ಅವಳ ಹೆಸರು ಬರೆಸಿದೆ. ಕಲಿಸುವವರು ಸೈನ್ಯದಿಂದ ನಿವೃತ್ತರಾದ ಹ್ಯಾಸ್ಕಿನ್ಸ್ ಮೇಡಂ.

ಪಾಠ ಮುಗಿದು ಗುಂಡು ಹಾರಿಸುವ ದಿನ ಬಂತು. ಚರ್ಚಿನವರ ಜೊತೆ ನಾನೂ ನೋಡಲು ಹೋಗಿ ಹಿಂದೆ ನಿಂತಿದ್ದೆ. ಐದು ಗುಂಡಿನಲ್ಲಿ ಮೂರಾದರೂ ಎದುರಿನ ಕಾಗದಕ್ಕೆ ತಾಗಬೇಕು. ಅಕ್ಕ ಪಿಸ್ತೂಲು ಎತ್ತಿ ನಿಂತಳು. ಹಿಂದಿನಿಂದ ಮೇಡಂ, "ಕೈ ಸ್ವಲ್ಪ ಮೇಲೆ ಮಾಡಿ" ಅಂದರು.

"ಏನಂದ್ರಿ ಮೇಡಂ?" ಎಂದು ಅಕ್ಕ ಪಿಸ್ತೂಲಿನ ಸಮೇತ ನಮ್ಮ ಕಡೆ ತಿರುಗಿದಳು.

ಪಾದ್ರಿಗಳೂ ಸೇರಿ ಒಂಬತ್ತು ಜನ ನೆಲಕ್ಕೆ ಬಿದ್ದೆವು. ಮೇಡಂ ಮಾತ್ರ ಅವಳ ಕೈ ಹಿಡಿದು ಕೆಳಗೆ ಒತ್ತಿದರು. "ಫೇಲು. ಮುಂದಿನ ಶನಿವಾರ ಇನ್ನೊಂದೇ ಅವಕಾಶ."

ಅವಳ ತಪ್ಪೂ ಅಲ್ಲ ಅನ್ನಿ. ದೊಡ್ಡಮ್ಮ ಕೆರೊಲಿನಾದ ಹಳ್ಳಿಯವಳು. ಯಾರಾದರೂ ಮಾತಾಡಿಸಿದಾಗ ತಿರುಗಿ ಮುಖ ನೋಡಿ ಉತ್ತರ ಕೊಡದಿದ್ದರೆ ನಮಗೆಲ್ಲ ಸೌಟಿನಲ್ಲೇ ಬೀಳುತ್ತಿತ್ತು.

ವಾರವಿಡೀ ನನ್ನ ಅಡುಗೆಮನೆಯಲ್ಲಿ ಅಭ್ಯಾಸ. ಅವಳು ಹೇರ್ ಡ್ರೈಯರ್ ಹಿಡಿದು ಗೋಡೆಗೆ ಗುರಿಯಿಡುವುದು, ಹಿಂದಿನಿಂದ ನಾನು ಕರೆಯುವುದು.

"ಅಕ್ಕಾ."

"ಏನೋ?" ತಿರುಗಿಯೇಬಿಟ್ಟಳು.

"ಸತ್ತೆ ನಾನು. ಮತ್ತೆ ನಿಂತ್ಕೋ."

"ಬೆನ್ನು ತೋರಿಸಿ ಮಾತಾಡೋಕೆ ಒಂಥರಾ ಆಗುತ್ತೆ ಕಣೋ."

"ನನ್ನ ಕೊಲ್ಲೋಕೆ ಏನೂ ಆಗಲ್ವಾ?"

ಆ ವಾರ ಏನಿಲ್ಲವೆಂದರೂ ಎಪ್ಪತ್ತು ಸಲ ಸತ್ತೆ.

ಶನಿವಾರ ನಾವೆಲ್ಲ ಮೊದಲೇ ಕುಕ್ಕರಗಾಲಲ್ಲಿ ಕೂತೆವು. ಹಿಂದಿನಿಂದ ಮೇಡಂ, "ಹೊಡೀರಿ" ಅಂದರು. ಅಕ್ಕನ ಭುಜ ಅಲ್ಲಾಡಿತು. ಆದರೆ ಅವಳು ತಿರುಗಲಿಲ್ಲ. ಎದುರಿನ ಕಾಗದವನ್ನೇ ನೋಡುತ್ತ, "ಬೆನ್ನು ತೋರಿಸ್ತಿದೀನಿ ಮೇಡಂ, ಬೇಜಾರು ಮಾಡ್ಕೋಬೇಡಿ" ಎಂದು ಹೊಡೆದಳು. ಐದು ಸಲ ಕ್ಷಮೆ ಕೇಳಿದಳು, ಐದು ಗುಂಡು ಹಾರಿಸಿದಳು. ಕಾಗದಕ್ಕೆ ನಾಲ್ಕು ತಾಗಿದವು. ಮೇಡಂಗೂ ನಗು ತಡೆಯಲಾಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಪರವಾನಗಿ ಬಂದ ದಿನವೇ ಅವಳು ಗಂಟುಮೂಟೆ ಕಟ್ಟಿ ತನ್ನ ಮನೆಗೆ ಹೊರಟಳು. ಮೂರನೆಯ ದಿನ ನೋಡಲು ಹೋದೆ. ನಾಲ್ಕು ತೂತಿನ ಆ ಕಾಗದವನ್ನು ಹಿಂಬಾಗಿಲ ಗಾಜಿಗೆ, ಹೊರಗಿನವರಿಗೆ ಕಾಣುವಂತೆ ಅಂಟಿಸಿದ್ದಳು. ಅಡಿಯಲ್ಲಿ ದಪ್ಪಕ್ಷರದಲ್ಲಿ ತನ್ನ ಹೆಸರು.

"ಪಿಸ್ತೂಲು ಎಲ್ಲಿಟ್ಟಿದೀಯಕ್ಕಾ?"

"ಯಾವ ಪಿಸ್ತೂಲೋ? ಪುಕ್ಕಟೆ ಕೊಟ್ಟಿದ್ದು ತರಬೇತಿ. ಪಿಸ್ತೂಲು ಕೊಳ್ಳೋಕೆ ನನ್ನ ಹತ್ರ ದುಡ್ಡೆಲ್ಲಿದೆ?" ಅಕ್ಕ ಆಕಳಿಸಿದಳು. "ಮೆಲ್ಲಗೆ ಮಾತಾಡು, ಕಳ್ಳರಿಗೆ ಗೊತ್ತಾದೀತು. ನಿನ್ನೆ ಒಂಬತ್ತು ಗಂಟೆ ನಿದ್ದೆ ಹೊಡ್ದಿದೀನಿ."