ಜೋಳಕ್ಕೆ ಬೆಲೆ ಬಂದ ವರ್ಷ

ಆ ವರ್ಷ ಮುಸುಕಿನ ಜೋಳಕ್ಕೆ ಒಳ್ಳೆಯ ಬೆಲೆ ಬಂತು. ಕಾಮಸಮುದ್ರದ ಆಚೆಗಿರುವ ನಮ್ಮ ಹೊಲದಲ್ಲೂ ಅದನ್ನೇ ಹಾಕಿದ್ದೆವು. ಬಂಗಾರಪೇಟೆಯಲ್ಲಿ ಜೋಳ ಮಾರಿ ಬರುವಾಗ ನನ್ನ ಗಂಡ ನನಗೆ ಸೀರೆ, ಅತ್ತೆಗೆ ಒಂದು ಕೆಂಪು ಶಾಲು ತಂದರು. ಅತ್ತೆ ಅದನ್ನು ಹೊದ್ದುಕೊಂಡೇ ಹಸುವಿಗೆ ಮೇವು ಹಾಕಲು ಹೋದಾಗ ಹಸು ಬೆದರಿ ಹಿಂದೆ ಸರಿಯಿತು. ನಾವೆಲ್ಲ ನಕ್ಕೆವು.

ಆ ಸೀಮೆಹಸುವನ್ನು ಬೆಳೆಸಿದವರು ಅತ್ತೆಯೇ. ತಾಯಿ ಸತ್ತಾಗ ಅದಿನ್ನೂ ಎಳೆಗರು. ಪಕ್ಕದ ಮನೆಯಿಂದ ಹಾಲು ತಂದು, ಬಾಟಲಿಗೆ ಹಾಕಿ, ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಡಿಸಿದ್ದರು.

ಜೋಳಕ್ಕೆ ಬೆಲೆ ಬಂದ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಜೋಳ ದುಬಾರಿಯಾದ ಮೇಲೆ ಅದರಿಂದ ಮಾಡುವ ಫೀಡು ಅಗ್ಗಕ್ಕೆಲ್ಲಿ ಸಿಗುತ್ತದೆ? ಹಿಂಡಿ, ಬೂಸಾ ಕೂಡ ಏರಿದವು. ಡೈರಿಯಲ್ಲಿ ಹಾಲಿನ ರೇಟು ಮಾತ್ರ ಇದ್ದಲ್ಲೇ ಇತ್ತು. ಅದೇ ಹೊತ್ತಿಗೆ ನಮ್ಮ ಹಸುವಿಗೆ ಗಬ್ಬ ನಿಲ್ಲಲಿಲ್ಲ, ಹಾಲೂ ಬತ್ತಿತು.

"ಇನ್ನ ಕಟ್ಕಂಡು ಮೇಯ್ಸಕ್ಕಾಗಲ್ಲಮ್ಮ" ಎಂದರು ನನ್ನ ಗಂಡ.

ಸಂತೆಯ ದಿನ ಅತ್ತೆ ತಾವೇ ಹಗ್ಗ ಹಿಡಿದು ಹಸುವನ್ನು ಟೆಂಪೋ ಹತ್ತಿಸಿದರು. ನಾನೂ ಜೊತೆಗೆ ಹೋದೆ.

ಸಂತೆಯಲ್ಲಿ ಎತ್ತ ನೋಡಿದರೂ ಸೀಮೆಹಸುಗಳು. ಎಲ್ಲರ ಮನೆಯದೂ ನಮ್ಮದೇ ಪಾಡು. ದಲ್ಲಾಳಿ ಟವೆಲಿನ ಮರೆಯಲ್ಲಿ ನನ್ನ ಗಂಡನ ಬೆರಳು ಹಿಡಿದು ಬೆಲೆ ಸೂಚಿಸುತ್ತಾ, "ಎಲ್ಲಾರೂ ಮಾರಕ್ಕೇ ಬಂದವ್ರೆ ಕಣಣ್ಣ, ತಗಣೋರೆಲ್ಲವ್ರೆ?" ಎಂದ. ಅಂದುಕೊಂಡಿದ್ದರ ಅರ್ಧಕ್ಕೇ ವ್ಯಾಪಾರ ಮುಗಿಯಿತು.

ಕೊಂಡವನು ಗಡಿಯಾಚೆಯ ಆಂಧ್ರದ ರೈತ. ಅತ್ತೆ ಅವನ ಊರು ಕೇಳಿಕೊಂಡು, ಅವನ ಮಾತಿನಲ್ಲೇ, "ಬಾಗಾ ಚೂಸ್ಕೋ ನಾಯನಾ" ಎಂದರು, ಚೆನ್ನಾಗಿ ನೋಡಿಕೋ ಅಂತ. ಅವನು ಎಳೆದುಕೊಂಡು ಹೊರಟಾಗ ಹಸು ಕತ್ತು ತಿರುಗಿಸಿ ಅತ್ತೆಯನ್ನೇ ನೋಡುತ್ತಿತ್ತು.

ಮನೆಗೆ ಬಂದ ಮೇಲೆ ಅತ್ತೆಗೆ ಊಟ ಸೇರಲಿಲ್ಲ. ಕೆಲವು ವಾರ ಕಳೆದು ಒಂದು ಬೆಳಿಗ್ಗೆ, "ಒಂದ್ ಸಲ ನೋಡ್ಕಂಡ್ ಬಂದ್ಬಿಡಾನ ಕಣಮ್ಮಿ. ಬಸ್ಸಿಗೆ ಓಗಾನ" ಎಂದರು. ಇಬ್ಬರೂ ಬಸ್ಸು ಹತ್ತಿದೆವು.

ಆ ರೈತನ ಮನೆ ಸುಲಭವಾಗಿ ಸಿಕ್ಕಿತು. ಅತ್ತೆ ಸೀದಾ ಕೊಟ್ಟಿಗೆಗೆ ಹೋದರು. ಅಲ್ಲಿ ಒಂದು ಕುರಿ ಬಿಟ್ಟರೆ ಏನೂ ಇರಲಿಲ್ಲ. ಅವನು ಹಿಂದೆಯೇ ಬಂದು ಕೈಮುಗಿದು, ಗಡಿಯ ಕನ್ನಡದಲ್ಲಿ ಹೇಳಿದ.

"ಫೀಡ್ ರೇಟು ಇಲ್ಲೀನೂ ಅಂಗೇ ಅಮ್ಮಾ. ಗಬ್ಬ ನಿಲ್ತದೆ ಅಂತ ತಂದೆ, ನಿಲ್ಲಿಲ್ಲ. ಓದ್ವಾರ ಲಾರಿಯೋರಿಗೆ ಕೊಟ್ಬಿಟ್ಟೆ."

ಯಾವ ಲಾರಿ, ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಅತ್ತೆ ಅವಳ ಮನಸ್ಸು ನೋಯಬಾರದೆಂದು ಕುಡಿದರು.

ಬಸ್ಸಿನಲ್ಲಿ ಬರುವಾಗ ನನ್ನ ಕೈ ಹಿಡಿದು ಕೇಳಿದರು: "ಲಾರಿ ಅತ್ಸುವಾಗ ನನ್ನ ಉಡುಕಿರ್ತದೇನೇ?"

ಅವರು ಜನರ ಮಧ್ಯೆಯೇ ಬಿಕ್ಕಿ ಬಿಕ್ಕಿ ಅತ್ತರು.

ಮುಂದಿನ ಸುಗ್ಗಿಗೆ ಜೋಳದ ಬೆಲೆ ಬಿದ್ದುಹೋಯಿತು. ಫೀಡು ಇಳಿಯಿತು, ಸಂತೆಯಲ್ಲಿ ಹಸುಗಳ ಬೆಲೆ ಏರಿತು. ನನ್ನ ಗಂಡ ದುಬಾರಿ ಬೆಲೆ ಕೊಟ್ಟು ಇನ್ನೊಂದು ಹಸು ತಂದರು. ಹಾಲು ಕರೆಯುವುದು ಈಗ ನಾನು. ಅತ್ತೆ ಕೊಟ್ಟಿಗೆಯ ಕಡೆಗೆ ಬರುವುದಿಲ್ಲ.